ಎರಡು ಪದರ ಹೆಚ್ಚು

ಭಾನುವಾರ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಫುಟ್‌ಪಾತಿನಲ್ಲಿ
ಕೆಟ್ಟ ಮಿಕ್ಸಿ, ಒಂಟಿ ಸ್ಪೀಕರು, ಹಲ್ಲುದುರಿದ ಹಾರ್ಮೋನಿಯಂ ನಡುವೆ
ಗೋಣಿತಾಟಿನ ಮೇಲೆ ಕೂತಿದ್ದವು,
ಮದುವೆಗೆ ಬಂದು, ಊಟಕ್ಕೆ ಯಾರೂ ಏಳಿಸದ
ದೂರದ ನೆಂಟರ ಹಾಗೆ.
ಕಂದು ಬಣ್ಣವೋ, ಧೂಳಿನ ಬಣ್ಣವೋ.
ಎಂಟುನೂರು ಅಂದ. ಮುನ್ನೂರಕ್ಕೆ ಕೊಟ್ಟ.
‘ಇಂಗ್ಲೆಂಡ್ ಮಾಲು ಸಾರ್.’ ಅಟ್ಟೆ ತಿರುವಿದರೆ
ಕಂಟೋನ್ಮೆಂಟಿನ ಯಾವುದೋ ಅಂಗಡಿಯ ಮುದ್ರೆ;
ಮೂರಕ್ಷರ ಉಳಿದಿತ್ತು,
ಮಿಕ್ಕದ್ದನ್ನು ರಸ್ತೆ ಓದಿಕೊಂಡಿತ್ತು.

ನಮ್ಮಪ್ಪ ಹೊಸಿಲಾಚೆ ಮೆಟ್ಟು ಬಿಟ್ಟು
ಕಾಲು ತೊಳೆದೇ ಒಳಗೆ ಬಂದವರು.
ನಾನು ಊಟದ ಮೇಜಿಗೆ ಪೇಪರು ಹಾಸಿ
ಜೋಡನ್ನು ಎದುರಿಗಿಟ್ಟುಕೊಂಡು ಕೂತೆ.
ಗೋಡೆಯ ಫೋಟೋ ಏನೂ ಅನ್ನಲಿಲ್ಲ.

ಮೊದಲು ಲೇಸು ಬಿಚ್ಚಬೇಕು. ಆಮೇಲೆ ಕುದುರೆಕೂದಲ ಬ್ರಷ್ಷು.
ಹೊಲಿಗೆಸಂದಿಗೆ, ಹಲ್ಲುಜ್ಜಿ ಸವೆದದ್ದು.
ಆಷಾಢದ ಬೂಷ್ಟಿಗೆ ವಿನಿಗರ್ ನೀರು, ಹಿಂಡಿದ ಬಟ್ಟೆ,
ನೆರಳಲ್ಲಿ ಒಂದು ಹಗಲು.
ಬಿಸಿಲಿಗಿಟ್ಟರೆ ಬಿರಿಯುತ್ತದೆ;
ಅವಸರದವರ ಕೈಗೆ ತೊಗಲು ಸಿಕ್ಕಬಾರದು.
ಎಣ್ಣೆಯನ್ನು ಬೆರಳಲ್ಲೇ ಹಚ್ಚಬೇಕು, ಕೂಸಿನ ನೆತ್ತಿಗೆ ಹಚ್ಚಿದಷ್ಟು.
ಹೆಚ್ಚಾದರೆ ಇದೂ ಕಕ್ಕುತ್ತದೆ.
ಮೂರನೆಯ ರಾತ್ರಿ, ಹರಕು ಬನೀನಿನ ತುಂಡಲ್ಲಿ
ಮೇಣ, ಒಂದು ಹನಿ ನೀರು, ಪುಟ್ಟ ಸುತ್ತು,
ಸುತ್ತು, ಇನ್ನೊಂದು ಸುತ್ತು,
ಧೂಳು ಅಂದುಕೊಂಡದ್ದರ ಅಡಿಯಿಂದ
ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ
ಎದ್ದು ಬಂತು.

ಮೇಜಿನಂಚಿಗೆ ಜೋಡಿಸಿ, ಕಣ್ಣನ್ನು ಅದರ ಮಟ್ಟಕ್ಕೆ ತಂದಾಗಲೇ ಕಂಡದ್ದು:
ಎಡಗಾಲಿನದು ಒಂದಿಷ್ಟು ಎತ್ತರ.

ಚೌರಪ್ಪ ಕೂರುವುದು ಶಿವಾಜಿನಗರದಲ್ಲಿ, ಟ್ರಾನ್ಸ್‌ಫಾರ್ಮರಿನ ಪಕ್ಕ.
ಮೊಳೆಡಬ್ಬದ ಮುಚ್ಚಳದೊಳಗೆ ಮಾತೆ ಮರಿಯಮ್ಮ.
ಮೂಗಿನ ಹತ್ತಿರ ಹಿಡಿದು ಮೂಸಿದ. ಉಗುರಲ್ಲಿ ಹಿಮ್ಮಡಿ ಎಣಿಸಿದ.
‘ಬಲಕ್ಕೆ ಐದು ಪದರ. ಎಡಕ್ಕೆ ಏಳು.’
ಒಳಹಾಸು ಎತ್ತಿದರೆ ಬೆಣೆಯಾಗಿ ಕೆತ್ತಿದ ಬೆಂಡು,
ಅದರ ಮೇಲೆ ಬೆರಳುಗಳ ಕಪ್ಪು ಗುರುತು.
ಕಿರುಬೆರಳು ಮಾತ್ರ ಒತ್ತಿಲ್ಲ.

‘ಸಮ ಮಾಡ್ಲಾ?’

ಮೂವತ್ತೊಂದು ವರ್ಷ ಚಾಮರಾಜಪೇಟೆಯ ಅಚ್ಚುಕೂಟದಲ್ಲಿ
ಕರಡು ತಿದ್ದಿದವನು ನಾನು.
ಜಾರಿದ ಒತ್ತು, ಬಿಟ್ಟುಹೋದ ದೀರ್ಘ
ಕಣ್ಣಿಗೆ ಕಸ ಬಿದ್ದ ಹಾಗೆ ಬೀಳುತ್ತವೆ, ಈಗಲೂ,
ಲಗ್ನಪತ್ರಿಕೆಯಲ್ಲೂ.
ಹೂಂ ಅನ್ನಲು ಬಾಯಿ ತೆರೆದೆ.

‘ತಪ್ಪಲ್ಲ ಸಾಮಿ ಇದು. ಲೆಕ್ಕ.
ಯಾವನೋ ಒಬ್ಬ ಬಗ್ಗಿ, ಆ ಮನುಷ್ಯನ ಕಾಲು ಅಳೆದು,
ನಾಲಿಗೆ ಕಚ್ಕೊಂಡು ಹೊಡ್ದಿದಾನೆ ಮೊಳೆ.
ನೋಡಿ, ಒಂದೂ ಸೊಟ್ಟ ಇಲ್ಲ.’

ತಿದ್ದಿದ್ದೇ ತಪ್ಪಾದಾಗ ನಾವೊಂದು ಮಾಡುತ್ತಿದ್ದೆವು:
ಪದದ ಕೆಳಗೆ ಸಾಲಾಗಿ ಚುಕ್ಕಿಯಿಟ್ಟು
ಅಂಚಿನಲ್ಲಿ ‘ಇರಲಿ’ ಎಂದು ಬರೆಯುವುದು.
ಚೌರಪ್ಪ ಜೇನುಮೇಣ ಉಜ್ಜಿದ ದಾರವನ್ನು ಆರಿಗೆ ಸಿಕ್ಕಿಸಿ
ಬಾಯ್ದೆರೆದಿದ್ದ ಅಟ್ಟೆ ಹೊಲಿಯತೊಡಗಿದ.
ಅಂಚಿನುದ್ದಕ್ಕೂ ಚುಕ್ಕಿ, ಚುಕ್ಕಿ, ಚುಕ್ಕಿ.

ಇನ್ನೂರೈವತ್ತು ಕೇಳಿದ. ಕೊಟ್ಟೆ.

ನನ್ನ ಕಾಲಿಗೆ ಅರ್ಧ ಇಂಚು ಸಡಿಲ. ತುದಿಗೆ ಹತ್ತಿ ತುರುಕಿದೆ.
ನಡುಮನೆಯಿಂದ ಅಡಿಗೆಮನೆ, ಅಡಿಗೆಮನೆಯಿಂದ ಬಾಲ್ಕನಿ.
ಎರಡು ಕಾಲೂ ಸಮವಿರುವ ನಾನು
ಕುಂಟಿದೆ.
ಅವನು ಇದರಲ್ಲಿ ನೆಟ್ಟಗೆ ನಡೆದಿದ್ದ,
ರೇಸ್‌ಕೋರ್ಸಿಗೋ, ಕೋರ್ಟಿಗೋ, ಹೆಣ್ಣು ನೋಡುವುದಕ್ಕೋ,
ಕೈಯಲ್ಲಿ ಕೋಲಿಲ್ಲದೆ,
ನೋಡಿದವರು ಬೂಟಿನ ಹೊಳಪನ್ನಷ್ಟೇ ನೋಡುವ ಹಾಗೆ.

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆ ಇಳಿದರೆ
ಕೆಳಮನೆಯ ಅಂಬುಜಾಬಾಯಿ ಪೊರಕೆ ನಿಲ್ಲಿಸಿ ಕೇಳಿದರು:
‘ರಾತ್ರಿ ಯಾರೋ ಬಂದಿದ್ರಾ? ಓಡಾಡೋ ಸದ್ದಾಗ್ತಿತ್ತು,
ನಿಮ್ಮದಲ್ಲ.’
ಹೌದು ಅಂದೆ.
‘ಇರ್ತಾರಾ?’

ಇರಲಿ, ಅಂದೆ.