ದೂರು ಹೇಳಲು ಹೋದವನು

ಧಕ್ಕೆಯಲ್ಲಿ ಮೂವತ್ತೊಂದು ವರ್ಷ
ಬೋಟಿನ ಇಂಜಿನ್ ಬಿಚ್ಚಿ ಜೋಡಿಸಿದವನು ನಾನು.
ಕಿವಿ ಅರ್ಧ ಹೋಗಿದೆ, ಡಾಕ್ಟರೇ ಹೇಳಿದ್ದಾರೆ.
ಆದರೂ ಕೇಳುತ್ತಿತ್ತು ಮಾರಾಯ್ರೆ,
ಊಟ ಮುಗಿಸಿ ಅಡ್ಡಾದ ಹೊತ್ತಿಗೆ ಸರಿಯಾಗಿ
ತಲೆಯ ಮೇಲೆ
ಟಕ್, ಕಟಕ್. ಟಕ್, ಕಟಕ್.
ಕಿವಿಗಿಂತ ಮೊದಲು ಹಲ್ಲಿಗೆ ಕೇಳುವ ಸದ್ದು.

ಬಿಜೈಯ ಈ ಫ್ಲ್ಯಾಟಿನಲ್ಲಿ
ಮಿಕ್ಸಿ ಉಂಟು, ಡ್ರಿಲ್ ಉಂಟು,
ಕೆಳಗಿನವರ ಮಗನ ತಬಲಾ ಉಂಟು.
ಇದು ಅದ್ಯಾವುದೂ ಅಲ್ಲ.
ಮೂರು ದಿನ ತಡೆದೆ. ನಾಲ್ಕನೆಯ ದಿನ
ಲುಂಗಿ ಬಿಗಿದು, ಅಂಗಿ ಸಿಕ್ಕಿಸಿಕೊಂಡು,
ಬೈಗುಳಕ್ಕೆ ಮೆಟ್ಟಿಲು ಮೆಟ್ಟಿಲಲ್ಲೂ ಸಾಣೆ ಹಿಡಿಯುತ್ತ
ಹತ್ತಿ ಹೋಗಿ ಬೆಲ್ ಒತ್ತಿದೆ.

ಸದ್ದು ನಿಂತಿತು.

ಬಾಗಿಲು ತೆರೆದವಳ ಕೂದಲಲ್ಲಿ ಹತ್ತಿಯ ಧೂಳು.
ವಿಜೇತಾ ಶೆಟ್ಟಿಗಾರ್, ಬಾಡಿಗೆಗೆ ಬಂದು ತಿಂಗಳು.
ಮಂಚ ಇರಬೇಕಾದ ಕೋಣೆಯ ತುಂಬ
ಒಂದು ಮಗ್ಗ,
ದೋಣಿಯನ್ನು ಮನೆಯೊಳಗೆ ಎಳೆದು ಹಾಕಿದ ಹಾಗೆ.
"ಅಜ್ಜಿಯದ್ದು ಗುಂಡಿಮಗ್ಗ, ತಾಳಿಪಾಡಿಯಲ್ಲಿ.
ಇಲ್ಲಿ ಗುಂಡಿ ತೋಡಿದರೆ
ನನ್ನ ಕಾಲು ನಿಮ್ಮ ಅಡುಗೆಮನೆಯಲ್ಲಿ ನೇತಾಡೀತು.
ಹಾಗಾಗಿ ಈ ಚೌಕಟ್ಟಿನದ್ದು" ಅಂದಳು.
ನಗಬಾರದಿತ್ತು. ನಕ್ಕುಬಿಟ್ಟೆ.

ಬೈಯಲು ಬಂದವನು ಮೊಣಕಾಲೂರಿ
ಅಡಿಗೆ ಬಗ್ಗಿ ನೋಡಿದೆ. ಚಟ ಅದು.
ನಾಲ್ಕು ಕಾಲೂ ಬರೇ ಟೈಲ್ಸಿನ ಮೇಲೆ!
ಹಣಿಗೆ ಬಡಿದಾಗಲೆಲ್ಲ ಇಡೀ ಸ್ಲ್ಯಾಬು ಡೋಲು.
ಯಾವ ಇಂಜಿನನ್ನು ಯಾರು ಹೀಗೆ ಕೂರಿಸುತ್ತಾರೆ?
ಮರುದಿನ ಧಕ್ಕೆಯಿಂದ ತಂದೆ
ಒಡೆದುಹಾಕಿದ ಬೋಟಿನ ಇಂಜಿನ್ ಅಡಿಯ ರಬ್ಬರು, ನಾಲ್ಕು,
ಮೀನಿನ ವಾಸನೆ ಸಮೇತ.
ಜ್ಯಾಕ್ ಕೊಟ್ಟು ಎತ್ತಿ, ರಸಮಟ್ಟ ಇಟ್ಟು ಕೂರಿಸಿದೆ.
ಸದ್ದೇನೂ ಸಾಯಲಿಲ್ಲ.
ನಮ್ಮಲ್ಲಿಗೆ ಈಗ
ಯಾರೋ ಎರಡು ಮನೆಯಾಚೆ ಅವಲಕ್ಕಿ ಕುಟ್ಟಿದಷ್ಟು.

ಗೋಡೆಯಲ್ಲಿ ಗ್ರಾಫ್ ಹಾಳೆ ಅಂಟಿಸಿದ್ದಳು.
ಹೂವಿಲ್ಲ, ಬಳ್ಳಿಯಿಲ್ಲ, ಒಂದು ನವಿಲಿಲ್ಲ.
ಇದೆಂಥ ಡಿಸೈನು?
ಕಿಟಕಿಯ ಸರಳು ಮಧ್ಯಾಹ್ನ ಮೂರಕ್ಕೆ
ನೆಲದಲ್ಲಿ ಹಾಸುವ ನೆರಳಂತೆ.
ನಾಲ್ಕಕ್ಕೆ ಓರೆ. ಐದಕ್ಕೆ ಗೋಡೆ ಹತ್ತುತ್ತದೆ.
ಗಂಟೆಗೊಂದು ಮೊಳ ಬಟ್ಟೆ.
"ಮನೆ ಬಾಡಿಗೆಯದ್ದು," ಅಂದಳು,
"ನೆರಳು ಕಟ್ಟಿಕೊಂಡು ಹೋಗಬಹುದಲ್ಲ?"

ಕಪ್ಪಿಗೆ ಕಬ್ಬಿಣ ಬೇಕಿತ್ತು.
ನನ್ನ ತುಕ್ಕಿನ ಡಬ್ಬಿಯನ್ನೇ ಕೊಟ್ಟೆ:
ಯಾವ ಯಾವುದೋ ಬೋಟಿನ ನಟ್ಟು, ಬೋಲ್ಟು, ವಾಷರು,
ಮುಳುಗಿದವುಗಳದ್ದೂ ಒಂದೆರಡು.
ಬೆಲ್ಲದ ನೀರಿನಲ್ಲಿ ಇಪ್ಪತ್ತು ದಿನ ಕೊಳೆಸಿದಳು.
ನಮ್ಮ ಎದುರು ಬಾಗಿಲಿನ ಫ್ಲೋಸಿಬಾಯಿ
ಮೂಗಿಗೆ ಸೆರಗು ಒತ್ತಿ
ಸೊಸೈಟಿಗೆ ಅರ್ಜಿ ಬರೆದರು.
ಅಳಲೆಕಾಯಿಯಲ್ಲಿ ನೆನೆದ ನೂಲು
ಆ ಗಡಿಗೆಗೆ ಬೂದಿಯಾಗಿ ಇಳಿದು
ಹಳೆಯ ಕೊಡೆಯ ಕಪ್ಪಾಗಿ ಮೇಲೆ ಬಂತು.
ಒಣಹಾಕಿದ್ದು ಟೆರೇಸಿನಲ್ಲಿ, ನಾನೇ ಹಗ್ಗ ಬಿಗಿದೆ.
ಬೋಟಿನ ಗಂಟು, ಬಿಚ್ಚಲು ಅವಳಿಗೆ ಬರಲಿಲ್ಲ.

ಆ ಹಾಸಿನ ಮೊದಲ ತುಂಡನ್ನು
ಕತ್ತರಿಸಿ ನನಗೆ ಕೊಟ್ಟಳು.
"ಮಾರುವ ಹಾಗಿಲ್ಲ, ಒಂದು ದೋಷ ಉಂಟು.
ನಡುವೆ ಕೈ ನಿಂತರೆ
ಹಾಸು ಸಡಿಲುತ್ತದೆ, ಮುಂದಿನ ಎಳೆ
ಹಿಂದಿನದಕ್ಕೆ ತಾಗಿ ಕೂರುವುದಿಲ್ಲ.
ನೋಡಿ, ಇಲ್ಲಿ ನೀವು ಬೆಲ್ ಒತ್ತಿದ್ದು."

ಕೂದಲೆಳೆಯಷ್ಟು ಬಿರುಕು, ಅಂಚಿನಿಂದ ಅಂಚಿಗೆ.

ಈಗ ಅದು ನನ್ನ ಕಿಟಕಿಯ ಪರದೆ.
ನಾಲ್ಕು ಗಂಟೆಗೆ ಸರಳಿನ ನೆರಳು
ನೇಯ್ದ ನೆರಳಿನ ಮೇಲೆ ಬಿದ್ದು
ತಾಳೆಯಾಗದೆ ಒದ್ದಾಡುತ್ತದೆ,
ಒಂದು ನಮ್ಮ ಮನೆಯದ್ದು, ಒಂದು ಮೇಲಿನದ್ದು.
ಆ ಗೆರೆಯಲ್ಲಿ ಮಾತ್ರ ಬಿಸಿಲು ತೂರಿ
ಚಾಪೆ ದಾಟಿ, ಚಹದ ಲೋಟ ದಾಟಿ
ನನ್ನ ಮಣಿಕಟ್ಟಿಗೆ ಬರುತ್ತದೆ.

ಸಕ್ಕರೆ ಕೇಳಲು ಬಂದ ಫ್ಲೋಸಿಬಾಯಿ ಹೇಳಿದರು,
ಹೊಸ ಪರದೆ, ಆಗಲೇ ಹರಿದಿದೆಯಲ್ಲ?
ಹರಿದದ್ದಲ್ಲ, ಅಂದೆ,
ಅದು ನನ್ನ ದೂರು.