ಕಾಲಂ ಹದಿನಾಲ್ಕು

ನಮೂನೆ ಮಲಯಾಳದಲ್ಲಿ ಉಂಟು.
ನಾನು ಎಣಿಸುವುದು ಕನ್ನಡದಲ್ಲಿ, ಕೇಳುವುದು ತುಳುವಿನಲ್ಲಿ,
ಉತ್ತರ ಬರುವುದು ಮಾಪ್ಳೆ ಬಾಸೆಯಲ್ಲಿ,
ಕೆಲವು ಕಡೆ ಬರೀ ಕೆಮ್ಮಿನಲ್ಲಿ.
ವಿಲ್ಲೇಜ್ ಆಫೀಸಿನವರು ಹೇಳಿದ್ದು ಇಷ್ಟೆ:
"ಟೀಚರೇ, ಸಂಜೆ ಐದರೊಳಗೆ ನಲವತ್ತು ಮನೆ."

ಕೊಯಿಪ್ಪಾಡಿ ಕಡಪ್ಪುರದಲ್ಲಿ ಮನೆ ಲೆಕ್ಕ ಮಾಡಲು
ಮೊದಲು ಮನೆ ಯಾವುದೆಂದು ತೀರ್ಮಾನವಾಗಬೇಕು.
ಅಂಬಾಡಿಯದ್ದು ನಾಲ್ಕು ಗೋಡೆ ಉಂಟು, ಬಾಗಿಲುಂಟು, ಬೀಗವೂ ಉಂಟು;
ಒಳಗೆ ಕಿಟಕಿಯ ಮಟ್ಟಕ್ಕೆ ಹೊಯಿಗೆ.
ಪೂರ್ಣ ನಾಶವೋ, ಭಾಗಶಃವೋ?
"ಗೋಡೆಗೆ ಏನೂ ಆಗಲಿಲ್ಲ ಅಂತ ಬರೆಯಿರಿ," ಅಂದ,
"ಹೋದ ವರ್ಷವಷ್ಟೇ ಸಾರಣೆ ಮಾಡಿಸಿದ್ದು."
ಭಾಗಶಃ ಎಂದು ಗುರುತು ಹಾಕಿದೆ. ನಾಚಿಕೆಯಾಯಿತು.

ದೋಣಿ, ಬಲೆ: ಕಾಲಂ ಒಂಬತ್ತು.
ಇಂಜಿನ್ ಸಿಕ್ಕಿದೆ, ರೈಲು ಹಳಿಯ ಆಚೆ, ಯಾರದೋ ತೆಂಗಿನ ಬುಡದಲ್ಲಿ.
ಬಲೆ ಸಿಕ್ಕಿದೆ, ಕೇಬಲ್ ಕಂಬಕ್ಕೆ ಸುತ್ತಿಕೊಂಡು,
ಅದರೊಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಮೂರು ಚಪ್ಪಲಿ, ಒಂದು ಬಂಗುಡೆ.
ನಷ್ಟಕ್ಕೆ ಜಾಗವುಂಟು. ಸಿಕ್ಕಿದ್ದಕ್ಕೆ ಕಾಲಂ ಇಲ್ಲ.

ಬಾವಿಗೆ ಇಣುಕಿದೆ. ಕನ್ನಡಿಯಂಥ ತಿಳಿ.
ವಾರಿಜ ಒಂದು ಲೋಟ ಕೊಟ್ಟಳು: "ಕುಡಿದು ನೋಡಿ ಬರೆಯಿರಿ."
ಗಂಜಿಗೆ ಉಪ್ಪು ಹಾಕುವುದು ಬೇಡ, ಅಷ್ಟು.

ಗಂಡಸರು ಇದ್ದಾಗ ಎಲ್ಲರೂ ಅಕ್ಕಿ ಅಂದರು, ಟರ್ಪಾಲು ಅಂದರು.
ಅವರು ಕಿಟ್ಟಿನ ಸಾಲಿಗೆ ಹೋದ ಮೇಲೆ
ಒಣಮೀನಿನ ಖಾಲಿ ಚಪ್ಪರದಡಿ
ನಾಲ್ಕು ಹೆಂಗಸರು ನನ್ನ ಹತ್ತಿರಕ್ಕೆ ಜರುಗಿದರು.
ಶಾಲೆಯಲ್ಲಿ ಮುನ್ನೂರು ಜನ, ಕಕ್ಕಸು ಎರಡು,
ಎರಡಕ್ಕೂ ಚಿಲಕವಿಲ್ಲ.
ಮೂರು ದಿನದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ.
ಬಟ್ಟೆ ಬೇಕು ಅಂದಳು ಒಬ್ಬಳು. ಯಾವ ಬಟ್ಟೆ ಎಂದು ನಾನು ಕೇಳಲಿಲ್ಲ.
ನಮೂನೆಯ ಅಂಚಿನಲ್ಲಿ ಬರೆದೆ:
ಚಿಲಕ.
ಅಲ್ಲಿ ಕನ್ನಡ ಓದುವವರು ಇದ್ದಾರೋ ಇಲ್ಲವೋ,
ಕೆಳಗೆ ಇನ್ನೊಮ್ಮೆ ಮಲಯಾಳದಲ್ಲೂ ಬರೆದೆ.

ನಲವತ್ತನೆಯದು ನನ್ನದೇ ಮನೆ.
ಹಂಚು ಹಾರಿಹೋದ ಪಕ್ಕಾಸಿನಡಿ ಕೂತೆ.
ಆಚೆಮನೆ ನೆಬೀಸ ಕೈಯಿಂದ ಪೆನ್ನು ತೆಗೆದುಕೊಂಡಳು:
"ಈಗ ನೀವು ಹೇಳಿ."
ಹೆಸರು, ವಯಸ್ಸು, ರೇಷನ್ ಕಾರ್ಡು,
ಎಲ್ಲ ಕೇಳಿದಳು, ನನ್ನ ಹಾಗೆಯೇ ಮುಖ ಎತ್ತದೆ.
ಕಾಲಂ ಹದಿನಾಲ್ಕು. "ಮೊದಲು ಎಂತ ಬೇಕು?"
ನೀರು, ಅಂದೆ.
ಅಲ್ಲ, ಹಂಚು. ನಿಲ್ಲು, ಬರೆಯಬೇಡ, ಮೊದಲು...
"ಒಂದೇ, ಟೀಚರೇ. ಬೆಳಗ್ಗೆ ನನಗೆ ಹೇಳಿದ್ದು ನೀವೇ ಅಲ್ವಾ?"

ಪೆನ್ನು ಎತ್ತಿ ಹಿಡಿದು ಕಾದಳು.
ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.