ದುಭಾಷಿಯ ಹೇಳಿಕೆ

ನನ್ನ ಕೆಲಸ ಸಣ್ಣದು. ಸಂಬಳ ಹದಿನೆಂಟು ರೂಪಾಯಿ.
ಕಟಕಟೆಗೂ ದೊರೆಯ ಮೇಜಿಗೂ ನಡುವೆ ನಿಲ್ಲುವುದು,
ಆ ಕಡೆಯ ಬಾಯಿಂದ ಈ ಕಡೆಯ ಕಿವಿಗೆ
ಚೆಲ್ಲದ ಹಾಗೆ ದಾಟಿಸುವುದು,
ಗುರುಪುರ ಹೊಳೆಯ ದೋಣಿಯವನ ಹಾಗೆ.
ದೋಣಿಯವನನ್ನು ಯಾರೂ ಕೇಳುವುದಿಲ್ಲ
ಯಾಕೆ ದಾಟಿಸಿದೆ ಎಂದು.

ಬಾವುಟಗುಡ್ಡೆಯ ಕಚೇರಿಯಲ್ಲಿ ಆ ವರ್ಷ
ಎಂಟು ಸಿಪಾಯಿಗಳು, ಒಬ್ಬ ಹವಾಲ್ದಾರ.
ಕೆಂಪು ಅಂಗಿ ಬಿಚ್ಚಿಸಿದ್ದರು. ಅಂಗಿಯಿಲ್ಲದೆ
ನಮ್ಮ ಹಂಚಿನ ಕಾರ್ಖಾನೆಯ ಹುಡುಗರ ಹಾಗೇ ಕಂಡರು,
ಒಬ್ಬನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.

ಬಂದರಿನ ಉಪ್ಪಿನ ಕೋಠಿಯ ಮುಂದೆ, ಮುಸ್ಸಂಜೆ,
ಮೊದಲು ಬೈಗುಳ, ಆಮೇಲೆ ಮರುವಾಯಿಯ ಚಿಪ್ಪು,
ಆಮೇಲೆ ಹಂಚಿನ ಚೂರು.
ಒಂದು ಚೂರು ಸಾಕ್ಷ್ಯವಾಗಿ ಮೇಜಿನ ಮೇಲಿತ್ತು,
ಒತ್ತಿದ ಮುದ್ರೆಯಲ್ಲಿ ಊರಿನ ಹೆಸರು ಅರ್ಧಕ್ಕೆ ಮುರಿದಿತ್ತು.
ಆಮೇಲೆ ಹೊಗೆ.
ಹೊಗೆ ಇಳಿದಾಗ ಮೂವರು:
ಹಮಾಲಿ ಇದಿನಬ್ಬ, ತಲೆಯ ಸಿಂಬಿ ಹಾಗೇ ಇತ್ತು;
ಹಂಚು ಹೊರುವ ತ್ಯಾಂಪ;
ಬೋಳಾರದ ಸೇಸಿಯ ತಮ್ಮ ಬೂಬ, ನೋಡಲು ಬಂದವನು,
ಬರೇ ನೋಡಲು.

ಸಿಪಾಯಿಗಳ ಪರವಾಗಿ ನಿಲ್ಲಲು ಯಾವ ವಕೀಲನೂ ಬರಲಿಲ್ಲ.
ಕೊನೆಗೆ ಬಂದವರು ಬಾಲ್ತಜಾರ್ ರೇಗೊ,
ಉಪ್ಪಿನ ಸುಂಕ ಇಳಿಸಿ ಎಂದು ಮದ್ರಾಸಿಗೆ ಅರ್ಜಿ ಬರೆದವರೇ.
ಮರುದಿನದಿಂದ ಅವರ ಅಂಗಳಕ್ಕೆ ಮೀನಿನವಳು ಕಾಲಿಡಲಿಲ್ಲ.
ಇಗರ್ಜಿಯ ಬೆಂಚಿನಲ್ಲಿ ಅವರೊಬ್ಬರೇ.
ಯಾರೋ ಮುಖಕ್ಕೇ ಕೇಳಿದಾಗ ಹೇಳಿದರಂತೆ:
"ಸತ್ತವರು ನಮ್ಮವರು, ಹೌದು.
ಕೊಂದದ್ದು ಯಾರು ಅಂತ ಸಿಟ್ಟಿನ ಹತ್ತಿರ ಕೇಳಿದರೆ
ಅದು ಎಲ್ಲರ ಹೆಸರನ್ನೂ ಹೇಳುತ್ತದೆ."

ಇಡೀ ಮೊಕದ್ದಮೆ ಒಂದು ಮಾತಿನ ಮೇಲೆ ನಿಂತಿತ್ತು:
ಹವಾಲ್ದಾರ ಚಿನ್ನತಂಬಿ ಏನೆಂದು ಕೂಗಿದ?

ಸೇಸಿ ಕಟಕಟೆ ಹತ್ತಿದಳು. ದೊರೆ ಕರವಸ್ತ್ರ ಮೂಗಿಗೆ ಹಿಡಿದರು.
ಬೊಬ್ಬರ್ಯನ ಆಣೆ ಹಾಕಿ ಹೇಳಿದಳು:
"ಆಯೆ ಪಂಡೆ, ಬುಡ್ಲೆ."

ಬುಡ್ಲೆ. ಕನ್ನಡದಲ್ಲಿ ಬಿಡಿ. ಅವನ ತಮಿಳಿನಲ್ಲಿ ವಿಡು.
ಮೂರು ಕೊಡಕ್ಕೂ ಒಂದೇ ಬಾವಿಯ ನೀರು.
ಹಠ ಬಿಡು, ಹಗ್ಗ ಬಿಡು, ಪಾಪದವರು, ಬಿಡು;
ದೋಣಿ ಬಿಡು, ಬಲೆ ಬಿಡು, ಗುಂಡು ಬಿಡು.
ನಮಗೆ ತಿಳಿಯುವುದು ದನಿಯಿಂದ, ಹುಬ್ಬಿನಿಂದ,
ಹೇಳಿದವನ ಅಂಗೈ ಮೇಲಿತ್ತೇ ಕೆಳಗಿತ್ತೇ ಎಂಬುದರಿಂದ.
ಇಂಗ್ಲಿಷಿನವರಿಗೆ ಎರಡು ಬಾವಿ, ಎರಡು ಹಗ್ಗ.

"ಏನನ್ನುತ್ತಾಳೆ?" ಎಂದರು ದೊರೆ, ಲೇಖನಿ ಮಸಿಗೆ ಅದ್ದಿ.

ಹೇಗೆ ಕೂಗಿದ ಅಕ್ಕಾ, ಕೂಗಿ ತೋರಿಸು ಎಂದೆ.
ಬಾಯಿ ತೆರೆದಳು. ತಮ್ಮನ ನೆನಪಾಯಿತೋ ಏನೋ,
ಬರೇ ಗಾಳಿ ಬಂತು.
ಪಂಕಾ ಎಳೆಯುವವನು ಎಳೆಯುವುದು ಮರೆತಿದ್ದ.
ಮೀಸೆ ಬಾರದ ಹುಡುಗ
ನನ್ನ ತುಟಿಯನ್ನೇ ನೋಡುತ್ತಿದ್ದ.

ಒಂದನ್ನು ಆರಿಸಿದೆ.
ಆರಿಸಿದ್ದು ನಾನು. ಸತ್ಯ ಆರಿಸಿದ್ದಲ್ಲ,
ಸತ್ಯ ಅಂದು ಕಚೇರಿಗೆ ಬಂದಿತ್ತೋ ಇಲ್ಲವೋ.
ಸೇಸಿ ತಾನಾಡದ ಮಾತಿನ ಕೆಳಗೆ
ಎಡ ಹೆಬ್ಬೆಟ್ಟು ಒತ್ತಿದಳು.
ಮಸಿ ಒರೆಸಲು ಚಿಂದಿ ಕೊಟ್ಟದ್ದೂ ನಾನೇ.

ಹವಾಲ್ದಾರನಿಗೂ ಆರು ಮಂದಿಗೂ ಬಿಡುಗಡೆ.
ನೋಡಿ, ಅಲ್ಲಿಯೂ ಅದೇ ಬೇರು.
ಇಬ್ಬರಿಗೆ ಕಣ್ಣನೂರಿನ ಜೈಲು,
ಕೋವಿ ಬಿಸಿಯಾಗಿದ್ದನ್ನು ಕಂಡವರಿದ್ದರು.
ಮೀಸೆ ಬಾರದವನು ಆ ಇಬ್ಬರಲ್ಲಿ ಒಬ್ಬ.
ರೇಗೊ ಫೀಸು ಕೇಳಲಿಲ್ಲ. ನಡೆದೇ ಮನೆಗೆ ಹೋದರು,
ಬೆನ್ನಿಗೆ ಒಂದು ಹಂಚಿನ ಚೂರು ಬಿತ್ತು. ತಿರುಗಲಿಲ್ಲ.

ತಿಂಗಳಾದ ಮೇಲೆ ಬಂದರಿನಲ್ಲಿ ಸೇಸಿ,
ಬಂಗುಡೆಯ ರಾಶಿಯ ಹಿಂದೆ.
"ನನ್ನ ಮಾತು ಅಲ್ಲಿ ಏನಾಯಿತು, ಮಾಸ್ಟ್ರೇ?
ದೊರೆಯ ಕಾಗದದಲ್ಲಿ ಅದಕ್ಕೆ ಏನು ಹೆಸರು?"
ಸುತ್ತ ಕಾಗೆ, ಬೆಕ್ಕು, ಗಿರಾಕಿಗಳು.
"ಬುಡ್ಲೆ ಸೇಸಕ್ಕ," ಎಂದೆ.

ಎಂದ ಮೇಲೆ ಕೇಳಿಸಿತು.
ಅವಳಿಗೂ.

ಆರು ಬಂಗುಡೆ ತೇಗದ ಎಲೆಯಲ್ಲಿ ಕಟ್ಟಿದಳು.
ಕಾಸು ಎಣಿಸಿದಳು. ಒಂದು ಹೆಚ್ಚಿಗೆ ಕೊಟ್ಟಿದ್ದೆ,
ತಿಳಿದೇ.
ಹಿಂದಕ್ಕೆ ಕೊಟ್ಟಳು.